ಒಮ್ಮೆ ಸಿಕ್ಕ ರಕ್ಷಣೆ ಕೈತಪ್ಪಿ ಹೋಗುತ್ತಾ?

ಭಾನುವಾರದ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ ಹೊತ್ತು. ನಮ್ಮ ಸಭೆಯ ಹಿರಿಯಮ್ಮ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಮೊಬೈಲ್ ಇತ್ತು. "ಅಲ್ಲಪ್ಪಾ, ಇದರಲ್ಲಿ ಒಬ್ಬ ಪಾಸ್ಟರು ಒಮ್ಮೆ ರಕ್ಷಣೆ ಸಿಕ್ಕರೆ ಮುಗೀತು, ಯಾರೂ ಕಿತ್ಕೊಳ್ಳಕ್ಕಾಗಲ್ಲ ಅಂತಾರೆ. ಇನ್ನೊಬ್ಬರು ಬಿದ್ದವನಿಗೆ ಮತ್ತೆ ದಾರೀನೇ ಇಲ್ಲ ಅಂತಾರೆ. ಇಬ್ಬರೂ ಸತ್ಯವೇದ ತೆಗೆದೇ ತೋರಿಸ್ತಾರೆ. ನನ್ನ ಮಗ ದೀಕ್ಷಾಸ್ನಾನ ತೊಗೊಂಡವನು. ನಾಲ್ಕು ವರ್ಷದಿಂದ ಚರ್ಚಿನ ಕಡೆ ತಲೆ ಹಾಕಿಲ್ಲ. ಅವನದು ಏನಾಯ್ತು ಹಾಗಾದ್ರೆ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇದು ಮೊಬೈಲಿನಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಕ್ರೈಸ್ತರು ಮೂರನೇ ಶತಮಾನದಿಂದಲೂ ಇದರ ಮೇಲೆ ವಾದ ಮಾಡಿದ್ದಾರೆ, ಬೇರೆಯಾಗಿದ್ದಾರೆ, ಕೆಲವು ಕಡೆ ಮತ್ತೆ ಒಂದಾಗಿದ್ದಾರೆ. ಆದರೆ ಆಕೆಯ ಒಂದು ಮಾತು ಮನಸ್ಸಲ್ಲಿ ಉಳಿಯಿತು: "ಇಬ್ಬರೂ ಸತ್ಯವೇದ ತೆಗೆದೇ ತೋರಿಸ್ತಾರೆ." ಗಂಟು ಇರುವುದು ಅಲ್ಲೇ. ಇಬ್ಬರೂ ಓದುವುದು ಒಂದೇ ಪುಸ್ತಕ, ಬೈಬಲ್. ಯಾವ ವಚನವನ್ನು ಮುಂದೆ ಇಟ್ಟುಕೊಂಡು ಯಾವುದನ್ನು ಅದರ ಹಿಂದೆ ನಿಲ್ಲಿಸುತ್ತಾರೆ ಎಂಬುದರ ಮೇಲೆ ಅವರ ಉತ್ತರ ಬದಲಾಗುತ್ತದೆ.

ರಕ್ಷಣೆ ಅಂದರೆ ಏನು?

ಬಾವಿಗೆ ಬಿದ್ದವರನ್ನು ಅಗ್ನಿಶಾಮಕದವರು ಎತ್ತಿದರೆ ಮರುದಿನ ಪೇಪರಿನಲ್ಲಿ 'ರಕ್ಷಣೆ' ಎಂದು ಬರುತ್ತದೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್‌ನಲ್ಲಿರುವ 'ಸೊತೇರಿಯ' ಎಂಬ ಪದಕ್ಕೂ ಹೆಚ್ಚು ಕಡಿಮೆ ಅದೇ ಅರ್ಥ. ಅಪಾಯದಿಂದ ಬಿಡಿಸಿ ಕ್ಷೇಮವಾಗಿ ಇಡುವುದು. ಕ್ರೈಸ್ತ ನಂಬಿಕೆಯಲ್ಲಿ ಆ ಅಪಾಯ ಅಂದರೆ ಪಾಪ, ಅಂದರೆ ಮನುಷ್ಯ ದೇವರಿಗೆ ಬೆನ್ನು ತಿರುಗಿಸಿರುವುದು, ಮತ್ತು ಅದರಿಂದ ಬರುವ ಮರಣ. ಬಿಡಿಸುವವನು ಯೇಸು. ಶಿಲುಬೆಯ ಮೇಲಿನ ಅವನ ಮರಣ, ಸಮಾಧಿಯಿಂದ ಅವನು ಎದ್ದದ್ದು, ಇವೆರಡೂ ಆ ಬಿಡುಗಡೆಯ ಬುಡ.

ಇನ್ನೆರಡು ಪದ ಗೊತ್ತಿರಬೇಕು. ಕೃಪೆ ಅಂದರೆ ಯೋಗ್ಯತೆ ನೋಡದೆ ದೇವರು ಕೊಡುವ ದಯೆ. ನಂಬಿಕೆ ಅಂದರೆ ಒಂದು ವಿಷಯಕ್ಕೆ ಸುಮ್ನೆ ತಲೆಯಾಡಿಸುವುದಲ್ಲ. ಬಾವಿಯ ದಂಡೆಯ ಮೇಲೆ ನಿಂತು "ಹಗ್ಗ ಗಟ್ಟಿ ಇದೆ" ಎನ್ನುವುದು ಬೇರೆ, ಬಾವಿಯೊಳಗಿಂದ ಆ ಹಗ್ಗಕ್ಕೆ ಮೈಭಾರ ಬಿಡುವುದು ಬೇರೆ. ಎರಡನೆಯದು ನಂಬಿಕೆ. ಕೃಪೆಯಿಂದಲೇ, ನಂಬಿಕೆಯ ಮೂಲಕ ರಕ್ಷಣೆ ಎಂದು ಮೊದಲ ಶತಮಾನದ ಬೋಧಕ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಇಲ್ಲಿಯತನಕ ಜಗಳ ಕಡಿಮೆ.

ರಕ್ಷಣೆಗೆ ಮೂರು ಕಾಲ ಇದೆ ಎನ್ನುವುದನ್ನು ಗಮನಿಸಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ತುಂಬಿದ ಹೊಳೆಯಲ್ಲಿ ಕೊಚ್ಚಿ ಹೋಗುತ್ತಿದ್ದ ಒಬ್ಬನನ್ನು ಅಂಬಿಗ ದೋಣಿಗೆ ಎಳೆದುಕೊಂಡ ಎಂದಿಟ್ಟುಕೊಳ್ಳಿ. ಅವನು ಬದುಕಿದ. ಆದರೆ ಹೊಳೆ ಇನ್ನೂ ಭೋರ್ಗರೆಯುತ್ತಿದೆ, ಅಂಬಿಗ ಹುಟ್ಟು ಹಾಕುತ್ತಲೇ ಇದ್ದಾನೆ. ದಡ ಮುಟ್ಟಿದ ಮೇಲೆ ಪೂರ್ತಿ ಬದುಕಿದ ಹಾಗೆ. ಹೊಸ ಒಡಂಬಡಿಕೆ ಈ ಮೂರಕ್ಕೂ 'ರಕ್ಷಣೆ' ಎಂಬ ಒಂದೇ ಪದ ಬಳಸುತ್ತದೆ. ಎಫೆಸದವರಿಗೆ ಬರೆಯುವಾಗ ರಕ್ಷಣೆ ಆಗಿದೆ ಎನ್ನುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 1:18ರಲ್ಲಿ, ಅಂದರೆ 1ನೇ ಅಧ್ಯಾಯದ 18ನೇ ವಚನದಲ್ಲಿ, ಆಗುತ್ತಿದೆ ಎನ್ನುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 5:9ರಲ್ಲಿ ಆಗಲಿದೆ ಎನ್ನುತ್ತದೆ. ಒಬ್ಬ ಬೋಧಕರು ಮೊದಲನೆಯದನ್ನು ಹಿಡಿದು ಮಾತಾಡುತ್ತಾರೆ, ಇನ್ನೊಬ್ಬರು ಮೂರನೆಯದನ್ನು. ಕೇಳುವವರಿಗೆ ಇಬ್ಬರೂ ಎದುರು ಬದುರು ಮಾತಾಡಿದ ಹಾಗೆ ಕಾಣುತ್ತದೆ.

ಹಾಗಂತ ಎಲ್ಲವೂ ಕರಗುವುದಿಲ್ಲ. ದೋಣಿ ಹತ್ತಿದವನು ನಡು ಹೊಳೆಯಲ್ಲಿ ಹಾರಿಬಿಡಬಹುದಾ? ಹಾರಿದರೆ, ಅವನು ನಿಜವಾಗಿ ದೋಣಿಯೊಳಗೆ ಇದ್ದನಾ, ಇಲ್ಲ ಅಂಚು ಹಿಡಿದುಕೊಂಡು ಜೊತೆಗೆ ತೇಲುತ್ತಿದ್ದನಾ? 'ಕಡೇವರೆಗೂ ತಾಳುವುದು' ಎಂದು ನಮ್ಮ ಸಭೆಗಳಲ್ಲಿ ಹೇಳುವ ವಿಷಯ ಇದೇ. ಕಡೇವರೆಗೂ ತಾಳುವವನಿಗೆ ರಕ್ಷಣೆ ಎಂದು ಮತ್ತಾಯ 24:13 ಹೇಳುತ್ತದೆ. ತಾಳುವವನು ಯಾಕೆ ತಾಳುತ್ತಾನೆ? ದೇವರು ಹಿಡಿದಿದ್ದಾನೆ ಅಂತಲಾ, ತಾನೇ ಬಿಡದೆ ಹಿಡಿದಿದ್ದಾನೆ ಅಂತಲಾ?

ವಚನ ಕಿತ್ತುಕೊಳ್ಳದೆ ಓದುವುದು

ಯೋಹಾನ 10:28ರಲ್ಲಿ ಯೇಸು ತನ್ನ ಕುರಿಗಳ ಬಗ್ಗೆ ಹೇಳುತ್ತಾನೆ: ಅವು ಎಂದಿಗೂ ನಾಶವಾಗುವುದಿಲ್ಲ, ಯಾರೂ ನನ್ನ ಕೈಯಿಂದ ಅವನ್ನು ಕಸಿದುಕೊಳ್ಳಲಾರರು. ಗ್ರೀಕ್‌ನಲ್ಲಿ 'ಇಲ್ಲ' ಎಂಬುದಕ್ಕೆ ಎರಡು ನಿಷೇಧ ಪದ ಜೋಡಿಸಿ ಅತಿ ಗಟ್ಟಿಯಾಗಿ ಹೇಳುವ ರೀತಿ ಇದೆ. ಇಲ್ಲಿರುವುದು ಅದು. ಇದಕ್ಕಿಂತ ದೊಡ್ಡ ಭರವಸೆ ಬೇಕಾ? ಆದರೆ ಅದೇ ಯೋಹಾನನ ಸುವಾರ್ತೆಯ 15:6 ತೆಗೆಯಿರಿ. ನನ್ನಲ್ಲಿ ನೆಲೆಗೊಳ್ಳದ ಕೊಂಬೆ ಒಣಗುತ್ತದೆ, ಅದನ್ನು ಬೆಂಕಿಗೆ ಹಾಕುತ್ತಾರೆ ಎಂದಿದೆ. ಒಂದೇ ಪುಸ್ತಕ, ಮಾತಾಡುವವನೂ ಒಬ್ಬನೇ.

ಡಾಕ್ಟರ್ ಹತ್ತಿರ ಇಬ್ಬರು ಹೋಗುತ್ತಾರೆ ಎಂದುಕೊಳ್ಳಿ. ಬಿಪಿ ಇರುವ ತಾತನಿಗೆ ಅವರು "ಉಪ್ಪು ಮುಟ್ಟಬೇಡಿ" ಎನ್ನುತ್ತಾರೆ. ಭೇದಿಯಾಗಿ ಸುಸ್ತಾದ ಮಗುವಿನ ಅಮ್ಮನಿಗೆ "ಉಪ್ಪು ಸಕ್ಕರೆ ನೀರು ಕುಡಿಸುತ್ತಾ ಇರಿ" ಎನ್ನುತ್ತಾರೆ. ಇಬ್ಬರ ಚೀಟಿ ಅದಲು ಬದಲಾದರೆ ಜೀವಕ್ಕೇ ಅಪಾಯ. ಚೀಟಿಗಳಲ್ಲಿ ವಿರೋಧ ಇಲ್ಲ, ಚೀಟಿ ಯಾರಿಗೆ ಬರೆದದ್ದು ಎಂದು ನೋಡಬೇಕು ಅಷ್ಟೇ. ಸತ್ಯವೇದದಲ್ಲಿ ಹೆದರಿದವರಿಗೆ ಬರೆದ ಮಾತುಗಳಿವೆ, ಮೈಮರೆತವರಿಗೆ ಬರೆದ ಮಾತುಗಳೂ ಇವೆ.

ಹಾಗಾಗಿ ಓದುವವರು ಮೊದಲು ಕೇಳಿಕೊಳ್ಳುವುದು ಇಷ್ಟು. ಇದನ್ನು ಯಾರು ಯಾರಿಗೆ, ಯಾವ ಪರಿಸ್ಥಿತಿಯಲ್ಲಿ ಬರೆದರು? ಹಿಂದಿನ ಮುಂದಿನ ವಚನ ಏನು ಹೇಳುತ್ತದೆ? ಇದು ಪತ್ರವಾ, ಹಾಡಾ, ಸಾಮ್ಯವಾ (ನೀತಿ ಹೇಳುವ ಕಥೆಯಾ)? ಇದಾದ ಮೇಲೆ ಒಂದು ಹಳೆಯ ಸೂತ್ರ ಬರುತ್ತದೆ: ಸ್ಪಷ್ಟವಾದ ವಚನದ ಬೆಳಕಲ್ಲಿ ಕಷ್ಟದ ವಚನವನ್ನು ಓದು. ಸೂತ್ರ ಚೆನ್ನಾಗಿದೆ. ತೊಡಕು ಏನೆಂದರೆ, ಒಬ್ಬರಿಗೆ ಸ್ಪಷ್ಟವಾಗಿ ಕಾಣುವುದು ಯೋಹಾನ 10, ಇನ್ನೊಬ್ಬರಿಗೆ ಇಬ್ರಿಯ 6.

ಇಬ್ರಿಯ 6: ಎಲ್ಲರೂ ನಿಂತುಬಿಡುವ ಮೂರು ವಚನ

ಇಬ್ರಿಯರಿಗೆ ಬರೆದ ಪತ್ರದಲ್ಲಿ ಬರೆದವರ ಹೆಸರಿಲ್ಲ. ಓದುವವರು ಯೆಹೂದಿ ಹಿನ್ನೆಲೆಯ ಕ್ರೈಸ್ತರು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅವರು ಅವಮಾನ ಉಂಡವರು, ಆಸ್ತಿ ಕಳೆದುಕೊಂಡವರು. 10ನೇ ಅಧ್ಯಾಯದಲ್ಲಿ ಅದು ಬರುತ್ತದೆ. ಈಗ ಸುಸ್ತಾಗಿದ್ದಾರೆ. ಹಿಂದಕ್ಕೆ ಹೋಗಿಬಿಡೋಣವಾ ಎಂಬ ಯೋಚನೆ ಹತ್ತಿದೆ. ಅವರಿಗೆ 6:4-6 ಹೇಳುವುದು ಹೀಗೆ: ಒಮ್ಮೆ ಬೆಳಕು ಕಂಡವರು, ಪರಲೋಕದ ವರವನ್ನು ರುಚಿ ನೋಡಿದವರು, ಪವಿತ್ರಾತ್ಮನಲ್ಲಿ ಪಾಲು ಪಡೆದವರು, ಆಮೇಲೆ ಬಿದ್ದುಹೋದರೆ, ಅವರನ್ನು ತಿರುಗಿ ಮಾನಸಾಂತರಕ್ಕೆ, ಅಂದರೆ ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗುವುದಕ್ಕೆ, ತರುವುದು ಅಸಾಧ್ಯ. ಅವರು ದೇವಕುಮಾರನನ್ನು ಮತ್ತೆ ಶಿಲುಬೆಗೆ ಹಾಕುತ್ತಿದ್ದಾರೆ.

'ರುಚಿ ನೋಡು' ಎಂಬ ಒಂದು ಪದದ ಮೇಲೆ ನಿಂತರೆ ವಾದ ಎಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ. ಒಲೆಯ ಮುಂದೆ ನಿಂತವರು ಸಾರಿನ ಒಂದು ತೊಟ್ಟು ಅಂಗೈ ಮೇಲೆ ಬಿಟ್ಟುಕೊಂಡು ಉಪ್ಪು ನೋಡುತ್ತಾರೆ. ಅದು ಊಟವಲ್ಲ. ಈ ಜನ ಅಷ್ಟೇ ಮಾಡಿದರು, ಹೊಟ್ಟೆಗೆ ತೆಗೆದುಕೊಳ್ಳಲೇ ಇಲ್ಲ ಎನ್ನುವುದು ಒಂದು ಓದು. ಆದರೆ ಇದೇ ಪತ್ರದ 2:9ರಲ್ಲಿ ಯೇಸು ಎಲ್ಲರಿಗಾಗಿ ಮರಣವನ್ನು 'ರುಚಿ ನೋಡಿದ' ಎನ್ನಲು ಅದೇ ಗ್ರೀಕ್ ಕ್ರಿಯಾಪದ ಇದೆ. ಯೇಸು ಮರಣವನ್ನು ನಾಲಿಗೆ ತುದಿಗೆ ಹಚ್ಚಿ ನೋಡಿದ್ದಲ್ಲ, ಪೂರ್ತಿ ಅನುಭವಿಸಿದ. ಹಾಗಾದರೆ ಇವರೂ ಪೂರ್ತಿ ಅನುಭವಿಸಿದವರೇ ಎನ್ನುವುದು ಇನ್ನೊಂದು ಓದು.

ಮುಂದಿನ ಎರಡು ವಚನ ಹೊಲದ ಮಾತು. ಎರಡು ನೆಲಕ್ಕೂ ಮಳೆ ಬೀಳುತ್ತದೆ. ಒಂದು ಪೈರು ಕೊಡುತ್ತದೆ, ಇನ್ನೊಂದು ಮುಳ್ಳು. ಮೊದಲ ಗುಂಪಿನವರು, ನೋಡಿ, ಮಳೆ ಒಂದೇ, ನೆಲವೇ ಬೇರೆ, ಬಿದ್ದವರು ಮೊದಲಿನಿಂದಲೂ ಮುಳ್ಳಿನ ನೆಲ ಎನ್ನುತ್ತಾರೆ. 9ನೇ ವಚನದಲ್ಲಿ ಲೇಖಕ ದನಿ ಬದಲಿಸಿ, ಪ್ರಿಯರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ, ರಕ್ಷಣೆಗೆ ಸೇರಿದ್ದನ್ನೇ ನಂಬಿದ್ದೇವೆ ಎನ್ನುವುದನ್ನೂ ತೋರಿಸುತ್ತಾರೆ. ಎರಡನೆಯವರು, ನಡೆಯಲಾರದ್ದರ ಬಗ್ಗೆ ಯಾರಾದರೂ ಇಷ್ಟು ಗಂಭೀರವಾಗಿ ಎಚ್ಚರಿಸುತ್ತಾರಾ ಎಂದು ಕೇಳುತ್ತಾರೆ. ಎರಡೂ ಸುಮ್ನೆ ತಳ್ಳಿಹಾಕುವಂಥ ಮಾತಲ್ಲ ಎಂದು ನನಗನ್ನಿಸುತ್ತದೆ.

ಮುಳುಗುವ ಹಡಗಿನ ಲೆಕ್ಕ

ದೇವರು ಕಡೇವರೆಗೂ ಕಾಯುತ್ತಾನೆ ಎಂದಮೇಲೆ ಎಚ್ಚರಿಕೆ ಯಾಕೆ? ಈ ಪ್ರಶ್ನೆಗೆ ಉತ್ತರ ಕೊಡಲು ಕೆಲವರು ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ತೆಗೆಯುತ್ತಾರೆ. ಪೌಲ ಕೈದಿಯಾಗಿ ರೋಮಿಗೆ ಹೋಗುತ್ತಿದ್ದಾನೆ. ಹಡಗಿನಲ್ಲಿ 276 ಜನ. ಬಿರುಗಾಳಿಗೆ ಸಿಕ್ಕಿ ಎಷ್ಟೋ ದಿನ ಸೂರ್ಯ, ನಕ್ಷತ್ರ ಏನೂ ಕಂಡಿಲ್ಲ. ಪೌಲ ಎದ್ದು ನಿಂತು, ಧೈರ್ಯವಾಗಿರಿ, ಹಡಗು ಹೋಗುತ್ತದೆ, ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ, ದೇವರ ದೂತನೇ ನನಗೆ ಹೇಳಿದ್ದಾನೆ ಎನ್ನುತ್ತಾನೆ.

ಹದಿನಾಲ್ಕನೇ ರಾತ್ರಿ ನಾವಿಕರು ಲಂಗರು ಹಾಕುವ ನೆಪದಲ್ಲಿ ಸಣ್ಣ ದೋಣಿ ಇಳಿಸಿ ಓಡಿಹೋಗಲು ನೋಡುತ್ತಾರೆ. ಆಗ ಅದೇ ಪೌಲ ಸೈನಿಕರಿಗೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎನ್ನುತ್ತಾನೆ. ಸೈನಿಕರು ದೋಣಿಯ ಹಗ್ಗ ಕಡಿದುಬಿಡುತ್ತಾರೆ. ಕೊನೆಗೆ ಕೆಲವರು ಈಜಿ, ಕೆಲವರು ಹಲಗೆ ಹಿಡಿದು, ಎಲ್ಲರೂ ಮಾಲ್ಟಾ ದ್ವೀಪದ ದಡ ಸೇರುತ್ತಾರೆ.

ಒಬ್ಬರೂ ಸಾಯುವುದಿಲ್ಲ ಎಂಬ ಮಾತು ಇತ್ತು. ಆದರೂ ಎಚ್ಚರಿಕೆ ಸುಳ್ಳಾಗಿರಲಿಲ್ಲ. ಆ ಮಾತು ನೆರವೇರಿದ್ದೇ ಎಚ್ಚರಿಕೆ ಕೇಳಿ ಹಗ್ಗ ಕಡಿದದ್ದರ ಮೂಲಕ. ಇಬ್ರಿಯ 6 ಕೂಡ ಇದೇ ಥರ ಕೆಲಸ ಮಾಡುತ್ತದೆ, ದೇವರು ತನ್ನವರನ್ನು ಬೀಳದಂತೆ ತಡೆಯುವುದೇ ಆ ಬೆದರಿಕೆಯ ಮೂಲಕ ಎಂದು ಇವರು ಹೇಳುತ್ತಾರೆ. ಇದನ್ನು ಒಪ್ಪದವರು, ಆ ಭರವಸೆ ಒಂದು ಪ್ರಯಾಣದ ಬಗ್ಗೆ ಕೊಟ್ಟದ್ದು, ಅದನ್ನು ಎಲ್ಲರ ನಿತ್ಯಜೀವಕ್ಕೆ ಹಿಗ್ಗಿಸುವುದು ಹೇಗೆ ಎಂದು ಕೇಳುತ್ತಾರೆ.

ಸರ್ಟಿಫಿಕೇಟ್ ತೆಗೆದುಕೊಂಡವರು

ಈ ಪ್ರಶ್ನೆ ಮೊದಲು ಬಿಸಿ ಏರಿದ್ದು ಬೀದಿಯಲ್ಲಿ. ಕ್ರಿ.ಶ. 250ರ ಸುಮಾರಿಗೆ ರೋಮಿನ ಚಕ್ರವರ್ತಿ ಡೀಸಿಯಸ್, ಸಾಮ್ರಾಜ್ಯದ ಜನರೆಲ್ಲ ದೇವತೆಗಳಿಗೆ ಬಲಿ ಕೊಡಬೇಕು ಎಂದು ಆಜ್ಞೆ ಮಾಡಿದ. ಕೊಟ್ಟವರಿಗೆ ಅಧಿಕಾರಿಗಳ ಮುಂದೆ ಒಂದು ಸರ್ಟಿಫಿಕೇಟ್. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಪಪೈರಸ್ ಮೇಲೆ ಹೆಚ್ಚು ಕಡಿಮೆ ಒಂದೇ ಒಕ್ಕಣೆ: ನಾನು ಬಲಿ ಕೊಟ್ಟೆ, ಪಾನಾರ್ಪಣೆ ಮಾಡಿದೆ, ಬಲಿಯ ಮಾಂಸವನ್ನು ರುಚಿ ನೋಡಿದೆ. ಆ 'ರುಚಿ ನೋಡಿದೆ' ಎಂಬುದೂ ಇಬ್ರಿಯ 6ರಲ್ಲಿರುವ ಕ್ರಿಯಾಪದವೇ.

ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಚೀಟಿ ಮಾತ್ರ ತೆಗೆದುಕೊಂಡರು. ಇನ್ನು ಕೆಲವರು ಜೈಲಿಗೆ ಹೋದರು, ಸತ್ತರು. ಹಿಂಸೆ ತಣ್ಣಗಾದ ಮೇಲೆ ಬಿದ್ದವರು ಅಳುತ್ತಾ ಚರ್ಚಿನ ಬಾಗಿಲಿಗೆ ಬಂದರು. ಒಳಗೆ ಕೂತವರಲ್ಲಿ ಗಂಡನನ್ನು ಕಳೆದುಕೊಂಡವರೂ ಇದ್ದರು. ಸೇರಿಸಿಕೊಳ್ಳಬೇಕಾ ಬೇಡವಾ?

ರೋಮಿನ ನೊವಾಷಿಯನ್, ಚರ್ಚು ಅವರನ್ನು ಸೇರಿಸಿಕೊಳ್ಳಬಾರದು ಎಂದು ಹಠ ಹಿಡಿದು ಬೇರೆ ಗುಂಪು ಕಟ್ಟಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಪಶ್ಚಾತ್ತಾಪದ ಕಠಿಣ ಅವಧಿ ಮುಗಿಸಿದವರನ್ನು ಸೇರಿಸಿಕೊಳ್ಳೋಣ ಎಂದರು. ಮುಂದೆ ನೊವಾಷಿಯನ್ ಗುಂಪಿನವರು ಇಬ್ರಿಯ 6ನ್ನು ಆಧಾರವಾಗಿ ತೋರಿಸಿದರು. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಅದಕ್ಕೆ ಉತ್ತರ ಬರೆದರು. ಆ ವಚನ ಎರಡನೇ ಸಲ ದೀಕ್ಷಾಸ್ನಾನ ಕೊಡಲಾಗದು ಎನ್ನುತ್ತದೆ, ಪಶ್ಚಾತ್ತಾಪದ ಬಾಗಿಲು ಮುಚ್ಚುವುದಿಲ್ಲ ಎಂದು ಅವರು ಅರ್ಥ ಮಾಡಿದರು. ದೊಡ್ಡ ಚರ್ಚು ನಡೆದದ್ದು ಸಿಪ್ರಿಯನ್ ಮತ್ತು ಆಂಬ್ರೋಸ್ ಹಿಡಿದ ದಾರಿಯಲ್ಲಿ.

ಯಾರು ಏನು ಹೇಳುತ್ತಾರೆ?

ಕಥೋಲಿಕ ಚರ್ಚಿನ ನಿಲುವು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಖಚಿತವಾಯಿತು. ಮಾರಕ ಪಾಪ, ಅಂದರೆ ಗೊತ್ತಿದ್ದೂ ಬೇಕೆಂದೇ ಘೋರ ಪಾಪ, ಮಾಡಿದರೆ ಕೃಪೆಯ ಸ್ಥಿತಿ ಕಳೆದುಹೋಗುತ್ತದೆ. ಗುರುವಿನ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯ ಸಂಸ್ಕಾರದ ಮೂಲಕ ಮತ್ತೆ ಸಿಗುತ್ತದೆ. ಕಡೇವರೆಗೂ ತಾಳುವುದು ದೇವರ ದೊಡ್ಡ ವರ, ಆದರೆ ದೇವರೇ ವಿಶೇಷವಾಗಿ ತಿಳಿಸದ ಹೊರತು ತನಗೆ ಅದು ಸಿಕ್ಕೇ ಸಿಗುತ್ತದೆ ಎಂದು ಯಾರೂ ಖಡಾಖಂಡಿತವಾಗಿ ಹೇಳಿಕೊಳ್ಳುವ ಹಾಗಿಲ್ಲ.

ಸುಧಾರಕ ಮಾರ್ಟಿನ್ ಲೂಥರ್ ದಾರಿಯ ಲೂಥರನ್ನರೂ ನಂಬಿಕೆ ಕಳೆದುಹೋಗಬಹುದು ಎನ್ನುತ್ತಾರೆ. ಅವರ 1530ರ ಆಗ್ಸ್‌ಬರ್ಗ್ ನಂಬಿಕೆ ಪತ್ರ, ಒಮ್ಮೆ ನೀತಿವಂತನಾದವನು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರ ಎನ್ನುವವರನ್ನು ತಪ್ಪು ಎನ್ನುತ್ತದೆ. ಪಶ್ಚಾತ್ತಾಪಪಟ್ಟು ಬಂದವರಿಗೆ ಬಾಗಿಲು ಮುಚ್ಚುವ ನೊವಾಷಿಯನ್ ಗುಂಪನ್ನೂ ಅದೇ ಕಲಮಿನಲ್ಲಿ ತಪ್ಪು ಎನ್ನುತ್ತದೆ.

16ನೇ ಶತಮಾನದ ಇನ್ನೊಬ್ಬ ಸುಧಾರಕ ಜಾನ್ ಕ್ಯಾಲ್ವಿನ್ ದಾರಿಯ ರಿಫಾರ್ಮ್ಡ್ ಸಭೆಗಳದ್ದು ಬೇರೆ ಮಾತು. ನೆದರ್ಲೆಂಡ್ಸ್‌ನಲ್ಲಿ ಆರ್ಮಿನಿಯಸ್ ಎಂಬ ಪ್ರೊಫೆಸರ್ ಕ್ಯಾಲ್ವಿನ್ ದಾರಿಯ ಕೆಲವು ಬೋಧನೆಗಳನ್ನು ಪ್ರಶ್ನಿಸಿದರು. ಅವರು 1609ರಲ್ಲಿ ತೀರಿಕೊಂಡರು. ಮರುವರ್ಷ ಅವರ ಅನುಯಾಯಿಗಳು ಐದು ಅಂಶ ಬರೆದು ಮುಂದಿಟ್ಟರು. ಐದನೆಯದು ಇದೇ ಪ್ರಶ್ನೆ. ಅಚ್ಚರಿ ಏನೆಂದರೆ, ಅವರು ಆಗ ಅದಕ್ಕೆ ಉತ್ತರ ಕೊಡಲೇ ಇಲ್ಲ. ಸತ್ಯವೇದದಿಂದ ಇನ್ನೂ ಪರಿಶೀಲಿಸಬೇಕು ಎಂದು ಬಿಟ್ಟರು. 1618-19ರಲ್ಲಿ ಡಾರ್ಟ್ ಪಟ್ಟಣದಲ್ಲಿ ದೊಡ್ಡ ಸಭೆ ಸೇರಿ ಅವರ ವಿರುದ್ಧ ತೀರ್ಮಾನ ಮಾಡಿತು. ದೇವರು ಆರಿಸಿಕೊಂಡವರನ್ನು ದೇವರೇ ಕಡೇವರೆಗೂ ಕಾಯುತ್ತಾನೆ. ರಾಜ ದಾವೀದ, ಯೇಸುವಿನ ಶಿಷ್ಯ ಪೇತ್ರ ಇವರ ಹಾಗೆ ಅವರು ಘೋರವಾಗಿ ಬೀಳಬಹುದು, ಆದರೆ ಪೂರ್ತಿಯಾಗಿ, ಕೊನೆಯದಾಗಿ ಬೀಳುವುದಿಲ್ಲ. ಬಿಟ್ಟೇ ಹೋದವರ ಬಗ್ಗೆ ಈ ದಾರಿಯವರು 1 ಯೋಹಾನ 2:19 ತೋರಿಸುತ್ತಾರೆ: ಅವರು ನಮ್ಮವರಾಗಿದ್ದರೆ ನಮ್ಮ ಜೊತೆ ಉಳಿಯುತ್ತಿದ್ದರು.

ಇಲ್ಲಿ ಒಂದು ಗೊಂದಲ ತಿಳಿಯಾಗಲೇಬೇಕು. ಮೊಬೈಲಿನಲ್ಲಿ ಕೇಳುವ "ಒಮ್ಮೆ ರಕ್ಷಣೆ, ಸದಾಕಾಲಕ್ಕೂ ರಕ್ಷಣೆ" ಎಂಬ ಮಾತೂ ಡಾರ್ಟ್ ಹೇಳಿದ್ದೂ ಒಂದೇ ಅಲ್ಲ. ಬ್ಯಾಪ್ಟಿಸ್ಟ್, ಬ್ರದರನ್ ಮುಂತಾದ ಸಭೆಗಳಲ್ಲಿ ಕೇಳಿಬರುವ ಈ ಮಾತನ್ನು ಕೆಲವರು, ಒಂದು ದಿನ ಪ್ರಾರ್ಥನೆ ಮಾಡಿ ಯೇಸುವನ್ನು ಒಪ್ಪಿಕೊಂಡರೆ ಆಮೇಲೆ ಹೇಗೆ ಬದುಕಿದರೂ ನಡೆಯುತ್ತದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಡಾರ್ಟ್ ಹಾಗೆ ಹೇಳಲಿಲ್ಲ. ನಿಜವಾದ ನಂಬಿಕೆ ಮುಂದುವರಿಯುತ್ತದೆ, ಬಿದ್ದರೂ ಪಶ್ಚಾತ್ತಾಪಪಟ್ಟು ಏಳುತ್ತದೆ ಎಂದಿತು. ಇದು ಸಣ್ಣ ವ್ಯತ್ಯಾಸವಲ್ಲ.

ಜಗಳಾಡಿದ ಇಬ್ಬರು ಗೆಳೆಯರು

18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ, ಜಾರ್ಜ್ ವೈಟ್‌ಫೀಲ್ಡ್ ಇಬ್ಬರೂ ಬಯಲಲ್ಲಿ ಸಾವಿರಾರು ಜನರಿಗೆ ಸುವಾರ್ತೆ ಸಾರಿದವರು, ಆಪ್ತ ಗೆಳೆಯರು. ವೆಸ್ಲಿ ಆರ್ಮಿನಿಯಸ್ ಕಡೆ. ನಿಜವಾದ ಭಕ್ತನೂ ನಂಬಿಕೆ ಬಿಟ್ಟು ಹಾಳಾಗಬಹುದು ಎಂದು ಕಲಿಸಿದರು. ವೈಟ್‌ಫೀಲ್ಡ್ ಕ್ಯಾಲ್ವಿನ್ ಕಡೆ. ದೇವರು ಮೊದಲೇ ಆರಿಸಿಕೊಳ್ಳುತ್ತಾನೆ ಎಂಬ ಬೋಧನೆಯ ವಿರುದ್ಧ 1739ರಲ್ಲಿ ವೆಸ್ಲಿ ಪ್ರಸಂಗ ಮಾಡಿದರು. 1740ರ ಡಿಸೆಂಬರ್ 24ರಂದು ವೈಟ್‌ಫೀಲ್ಡ್ ಅದಕ್ಕೆ ಉತ್ತರವಾಗಿ ಪತ್ರ ಬರೆದರು. ಗೆಳೆತನ ಬಿರುಕು ಬಿಟ್ಟಿತು, ಅವರವರ ಹಿಂದೆ ಇದ್ದ ಜನವೂ ಬೇರೆಯಾದರು. ಆಮೇಲೆ ಇಬ್ಬರೂ ಮನಸ್ಸು ಸರಿ ಮಾಡಿಕೊಂಡರು, ಅಭಿಪ್ರಾಯ ಮಾತ್ರ ಬದಲಿಸಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ.

ಆ ಜಗಳದ ಎರಡೂ ಕವಲು ನಮ್ಮ ಊರುಗಳಿಗೂ ಬಂದವು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ ಹೆಚ್ಚಾಗಿ ಕ್ಯಾಲ್ವಿನ್ ದಾರಿಯದು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಹೆಸರೇ ಹೇಳುವಂತೆ ವೆಸ್ಲಿಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಕೂಡಿದ್ದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ವೆಸ್ಲಿ ದಾರಿಯ ಮೆಥೋಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಒಂದೇ ಚರ್ಚಾದರು. ಹಾಗಾಗಿ ಇವತ್ತು ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟರೆ ಅಚ್ಚರಿ ಇಲ್ಲ. ಪೆಂಟೆಕೋಸ್ಟ್ ಸಭೆಗಳಲ್ಲಿ ಹೆಚ್ಚಿನವು ವೆಸ್ಲಿಯ ಕಡೆಗೆ ವಾಲುತ್ತವೆ.

ಹಾಗಾದರೆ ಆ ತಾಯಿಗೆ?

ಮುಂದಿನ ಭಾನುವಾರ ಹಿರಿಯಮ್ಮನ ಪಕ್ಕ ಕೂತು ಇಷ್ಟನ್ನೂ ನಿಧಾನವಾಗಿ ಹೇಳಿದೆ. ಅವರು ಎಲ್ಲಾ ಕೇಳಿ, "ಅದು ಸರಿ, ನನ್ನ ಮಗನಿಗೆ ಇವರೆಲ್ಲ ಏನಂತಾರೆ?" ಎಂದರು.

ರಿಫಾರ್ಮ್ಡ್ ಪಾಸ್ಟರಾದರೆ, ಅವನು ಕ್ರಿಸ್ತನವನಾಗಿದ್ದರೆ ಕ್ರಿಸ್ತ ಬಿಡುವುದಿಲ್ಲ, ಪೇತ್ರ ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಎಂದವನು, ಆದರೆ ದೀಕ್ಷಾಸ್ನಾನ ಆಗಿದೆ ಎಂದು ನೆಮ್ಮದಿಯಾಗಿ ಕೂರಬೇಡಿ ಎನ್ನುತ್ತಾರೆ. ಮೆಥೋಡಿಸ್ಟ್ ಪಾಸ್ಟರಾದರೆ, ಅಪಾಯ ನಿಜವಾದದ್ದು, ಆದರೆ ಯೇಸು ಹೇಳಿದ ಕಥೆಯಲ್ಲಿ ತಪ್ಪಿಹೋದ ಮಗನನ್ನು ಅಪ್ಪ ದೂರದಲ್ಲೇ ಕಂಡು ಓಡಿ ಹೋಗಿ ತಬ್ಬಿಕೊಂಡದ್ದನ್ನು ನೆನಪಿಸುತ್ತಾರೆ. ಕಥೋಲಿಕ ಫಾದರ್ ಆದರೆ, ದೀಕ್ಷಾಸ್ನಾನದ ಗುರುತು ಅಳಿಸುವುದಿಲ್ಲ, ಪಾಪನಿವೇದನೆಗೆ ಬರಲಿ ಎನ್ನುತ್ತಾರೆ. ಇಬ್ರಿಯ 6 ಇರುವುದು ದಾರಿ ತಪ್ಪಿದವರೆಲ್ಲರ ಬಗ್ಗೆ ಅಲ್ಲ, ಬೇಕೆಂದೇ ಕ್ರಿಸ್ತನನ್ನು ತಳ್ಳಿಹಾಕಿ ಅಲ್ಲೇ ಗಟ್ಟಿಯಾಗಿ ನಿಂತವರ ಬಗ್ಗೆ ಎಂಬುದು ಈ ಮೂವರೂ ಸಾಮಾನ್ಯವಾಗಿ ಹೇಳುವ ಮಾತು.

ಆಮೇಲೆ ಅವರಿಗೆ ಯಾಕೋಬನ ಪತ್ರದ ಕೊನೆಯ ಎರಡು ವಚನ ಓದಿದೆ. ನಿಮ್ಮಲ್ಲಿ ಒಬ್ಬನು ಸತ್ಯದಿಂದ ತಪ್ಪಿಹೋಗಿ, ಇನ್ನೊಬ್ಬನು ಅವನನ್ನು ತಿರುಗಿ ಕರೆತಂದರೆ, ಅವನು ಒಂದು ಪ್ರಾಣವನ್ನು ಮರಣದಿಂದ ತಪ್ಪಿಸಿದ ಹಾಗೆ. ಪತ್ರ ಅಲ್ಲಿಗೇ ನಿಂತುಬಿಡುತ್ತದೆ. ಪೌಲನ ಪತ್ರಗಳ ಹಾಗೆ ಕೊನೆಯಲ್ಲಿ ವಂದನೆ ಕೂಡ ಇಲ್ಲ.

ಹಿರಿಯಮ್ಮ ಇನ್ನೊಂದು ಸಲ ಓದಿಸಿದರು. ಕಾಣಿಕೆ ಕವರಿನ ಹಿಂದೆ "ಯಾಕೋಬ 5:19-20" ಎಂದು ಬರೆದುಕೊಂಡರು. "ಶನಿವಾರ ರಾತ್ರಿ ಅವನೇ ಫೋನ್ ಮಾಡ್ತಾನೆ, ಪ್ರತಿ ವಾರ" ಎಂದರು.